ಐದನೆಯವನು

ತಂಡದಲ್ಲಿ ನಾವು ಐದು ಜನ.
ರಾಷ್ಟ್ರಗೀತೆಗೆ ಐದೂ ಬಾಯಿ, ಫೋಟೋಕ್ಕೆ ಐದೂ ಮುಖ,
ಹಸಿರು ಅಂಗಿಗಳ ಬೆನ್ನಿನಲ್ಲಿ ಮಡಗಾಸ್ಕರ ಐದು ಸಲ.
ಆಡುವವರು ನಾಲ್ವರು.

ಆರು ವರ್ಷದಿಂದ ನಾನು ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಎದುರಾಳಿ ಎಡಚನಾದರೆ ಆ ವಾರವಿಡೀ
ಲಾಂತುವಿನ ಅಭ್ಯಾಸಕ್ಕೆ ನಾನೂ ಎಡಚ.
ಫೆತ್ರನಿಗೆ ಎತ್ತರದ ಸರ್ವು ಬೇಕೆಂದರೆ
ಕುರ್ಚಿ ಹತ್ತಿ ನಿಂತು ಹೊಡೆದಿದ್ದೇನೆ.
ಕರೆಂಟು ಹೋದ ರಾತ್ರಿ ಮೇಣದಬತ್ತಿ ಹಚ್ಚಿಕೊಂಡು
ಒಂಬತ್ತು ರ‍್ಯಾಕೆಟ್ಟಿಗೆ ತಂತಿ ಬಿಗಿದಿದ್ದೇನೆ,
ಬೆರಳಿಂದ ಮೀಟಿ, ಕಿವಿಗಿಟ್ಟು,
ಯಾರದು ಯಾವುದೆಂದು ದನಿಯಲ್ಲೇ ಗುರುತಿಸಿ.

ನಮ್ಮ ತಾನಾ ಊರಿನ ಮಣ್ಣು ಕೆಂಪು.
ಕೊಯ್ಲು ಮುಗಿದ ಗದ್ದೆಯಲ್ಲಿ ಅದನ್ನೇ ಇಟ್ಟಿಗೆ ಮಾಡುತ್ತಾರೆ,
ಅದನ್ನೇ ಜರಡಿ ಹಿಡಿದು ಕೋರ್ಟಿಗೆ ಹರಡುತ್ತಾರೆ.
ಸೆಪ್ಟೆಂಬರಿನ ಗಾಳಿಗೆ ಎರಡೂ ಒಂದೇ ಧೂಳು.
ಬಾಲ್ಟಿಕ್ ಕಡಲ ಕಡೆಯಿಂದ ಬಂದ ಹುಡುಗರು
ಮೊದಲ ದಿನ ಬಿಳಿ ಕಾಲುಚೀಲ ನೋಡಿಕೊಂಡು ನಕ್ಕರು.
ಎರಡನೆಯ ದಿನ, ಭಾನುವಾರ, ಮಧ್ಯಾಹ್ನ ಎರಡಕ್ಕೆ
ಡಬಲ್ಸನ್ನೂ ಗೆದ್ದು
ಮೂರು–ಸೊನ್ನೆ ಮಾಡಿ
ನಗದೆ ಕೈಕುಲುಕಿದರು.

ನಮ್ಮ ನಾಯಕ ಹೆರಿಜು ಹಲ್ಲಿನ ಡಾಕ್ಟರು.
‘ನೋವಾಗಲ್ಲ’ ಎನ್ನುವ ಅದೇ ದನಿಯಲ್ಲಿ ಹೇಳಿದರು:
‘ನಾಲ್ಕನೆಯ ಪಂದ್ಯ ನೀನು ಆಡು.’
ಸೋತು ಮುಗಿದ ಮೇಲಿನ ಪಂದ್ಯ ಅದು.
ಆಯಿತಲ್ಲ, ಮೂವತ್ತನಾಲ್ಕಕ್ಕೆ,
ಗಾದೆ ಮಗುಚಿಕೊಂಡಿತು:
ಈಗ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಡೋಲಿನವರು ಡೋಲಿಗೆ ಗವಸು ಹಾಕಿಯಾಗಿತ್ತು.
ನನ್ನ ಹೆಸರು ರಾಫನುಮೆಜಾಂತ್ಸುವಾ, ಅಂದರೆ ಒಳ್ಳೆಯ ಉಡುಗೊರೆ.
ಮರದ ಫಲಕದಲ್ಲಿ ಎಂಟೇ ಅಕ್ಷರಕ್ಕೆ ಜಾಗ.
ಏಣಿ ಹತ್ತಿದ ಹುಡುಗ ತುಂಬುವಷ್ಟು ತುಂಬಿ
ಮಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡ.
‘ಒಳ್ಳೆಯ’ದೂ ಹೋಗಿ, ಉಡುಗೊರೆಯೂ ಹೋಗಿ
ನಮ್ಮ ಭಾಷೆಯವರಿಗೆ ಓದಲು ಉಳಿದದ್ದು
‘ಕೊಡು’ ಅನ್ನುವಷ್ಟು.

ಎದುರಿಗೆ ಕಾರೆಲ್, ಹತ್ತೊಂಬತ್ತರವನು,
ಅವರ ಐದನೆಯವನು.
ಮೂಗಿನ ತುದಿ ಸುಲಿದಿತ್ತು. ಮೊದಲ ಸರ್ವಿಗೆ
ಚೆಂಡು ಮೇಲೆಸೆದವನು ಹೊಡೆಯಲಾಗದೆ ಹಿಡಿದುಕೊಂಡ;
ಮತ್ತೆ ಎಸೆದು, ಮತ್ತೆ ಹಿಡಿದುಕೊಂಡ.
ನನ್ನ ಕೈಯೂ ನಡುಗುತ್ತಿತ್ತು, ಹೇಳಲಿಲ್ಲ.
ಒಂದು ಸೆಟ್ಟು ಅವನದು, ಒಂದು ನನ್ನದು.
ಹೊರಟಿದ್ದವರಲ್ಲಿ ನಲವತ್ತು ಜನ
ಗೇಟಿನ ಹತ್ತಿರವೇ ನಿಂತರು, ಕೂರದೆ.

ಕೊನೆಯ ಟೈಬ್ರೇಕಿನಲ್ಲಿ ಒಂಬತ್ತು–ಎಂಟು.
ಅವನು ಹೊಡೆದ ಚೆಂಡು ನನ್ನ ಹಿಂದೆ ಬಿತ್ತು, ‘ಔಟ್’ ಎಂದರು.
ಫೆತ್ರ ಬೆಂಚಿನಿಂದ ಜಿಗಿದ.
ಪಂದ್ಯ ನನ್ನದೆಂದು ಅಂಪೈರು ನನ್ನ ಹೆಸರಿನೊಡನೆ ಹೆಣಗುತ್ತಿದ್ದಾಗ
ನಾನು ತಿರುಗಿ ನೋಡಿದೆ.

ಹನ್ನೊಂದರ ಪ್ರಾಯದಲ್ಲಿ
ಈ ಗೆರೆಗಳನ್ನು ದಿನಾ ಸಂಜೆ ಗುಡಿಸುತ್ತಿದ್ದವನು ನಾನು.
ಅವರೆಕಾಳಿನಂಥ ಗುರುತು,
ಕಾಳಿನ ತುದಿ ಬಿಳಿಯ ಮೇಲೆ.
ದೊಡ್ಡತನ ಏನಲ್ಲ; ಒಂದು ಗಳಿಗೆ
ಅದರ ಮೇಲೆ ನಿಂತುಬಿಡೋಣ ಅನ್ನಿಸಿತ್ತು ಕೂಡ.
ಆಮೇಲೆ ಬೂಟಿನಿಂದ ಉಜ್ಜಿದೆ, ಕೈ ಎತ್ತಿದೆ.
ಒಂಬತ್ತು–ಒಂಬತ್ತು.
ಮುಂದಿನ ಎರಡನ್ನೂ ಹುಡುಗ ಗೆದ್ದ,
ಗೆದ್ದು, ನನ್ನ ಹೆಗಲಿನಲ್ಲಿ ಮುಖವಿಟ್ಟು ಅತ್ತ.
ಲಾಂತು ಬೈದ. ಡಾಕ್ಟರು ಕನ್ನಡಕ ತೆಗೆದು
ಬಹಳ ಹೊತ್ತು ಒರೆಸಿದರು.

ಸೊನ್ನೆ–ನಾಲ್ಕು.

ಗೇಟಿನಾಚೆ ವುಲುಲೂನಾ ಒಲೆ ಹೂಡಿದ್ದಳು.
ಗುಳಿಗುಳಿಯ ಕಾವಲಿ, ಇದ್ದಿಲ ಕೆಂಡ, ಅಕ್ಕಿ ಹಿಟ್ಟಿನ ಹುಳಿ ವಾಸನೆ.
ಯಾರು ಗೆದ್ದರೆಂದು ಕೇಳಲಿಲ್ಲ,
ಅವಳಿಗೆ ಬೇಕಿದ್ದದ್ದು ಚಿಲ್ಲರೆ.
ನಾಲ್ಕಕ್ಕೆ ದುಡ್ಡು ಕೊಟ್ಟೆ.
ಹಳೆಯ ಪರೀಕ್ಷೆ ಪತ್ರಿಕೆಯ ಹಾಳೆಯಲ್ಲಿ
ಐದು ಅಪ್ಪ ಸುತ್ತಿದಳು.
ಲೆಕ್ಕ ತಪ್ಪಿತು ಅಂದೆ.
ಇಲ್ಲ, ಅದು ಕೊಸರು, ಅಂದಳು.

ಬಸ್ಸಿಗೆ ಕಾಯುತ್ತ
ಮೊದಲು ಅದನ್ನೇ ತಿಂದೆ.