ಮತ್ತಿ

ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮೊದಲು
ಅಪ್ಪ ಅವನ ಹೆಸರು ಕೇಳಿದರು.
ಮತ್ತಿ, ಅಂದ.
ಅಪ್ಪ ಉಳಿ ಕೆಳಗಿಟ್ಟು ನನ್ನ ಮುಖ ನೋಡಿದರು:
ಅದು ಮರ ಕಣಮ್ಮ.
ತೊಲೆಗೆ ಬರುತ್ತೆ, ಗಾಡಿಗೆ ಬರುತ್ತೆ,
ಕುಸುರಿಗೆ ಬರೋದಿಲ್ಲ.

ಫಿನ್ಲೆಂಡಿನಿಂದ ಅವನು ಬಂದದ್ದು ಮೂರೇ ತಿಂಗಳಿಗೆ,
ಬೀಟೆಯ ಹಲಗೆಯಲ್ಲಿ ಹಲಸಿನ ಹಳದಿ ಚೂರು
ಕೂರಿಸುವುದನ್ನು ಕಲಿಯಲು.
ತಿಲಕ್ ನಗರದ ನಮ್ಮ ಶೆಡ್ಡಿನಲ್ಲಿ
ಚಕ್ಕಳಮಕ್ಕಳ ಹಾಕಲು ಬಾರದೆ
ಒಂದು ಕಾಲನ್ನು ಹೊಸಿಲಾಚೆ ಚಾಚಿ ಕೂರುತ್ತಿದ್ದ.
ಕಾಲು ದಾಟಬಾರದು ಅಂತಾರೆ.
ಕಾಫಿ ಲೋಟ ಹಿಡಿದು ದಿನಕ್ಕೆರಡು ಸಲ ದಾಟಿದೆ.

ಹದಿಮೂರು ವರ್ಷವಾಯಿತು.

ಮನೆಗೆಂದು ಅವನು ಮಾಡಿದ ಮೊದಲ ಮೇಜಿನ ಖಾನೆ
ಆಷಾಢದಲ್ಲಿ ಕಚ್ಚಿಕೊಂಡಿತು,
ಒಳಗೆ ನನ್ನ ಬ್ಯಾಂಕಿನ ಬೀಗದ ಕೈ.
ಅವನ ಊರಲ್ಲಿ ಮರ ಚಳಿಗಾಲಕ್ಕೆ ಕುಗ್ಗುತ್ತದಂತೆ,
ಒಲೆ ಉರಿದು ಉರಿದು ಮನೆಯ ಗಾಳಿ ಒಣಗಿ.
ಅವನು ಬಿಟ್ಟ ಸಂದು ಆ ಲೆಕ್ಕದ್ದು.
ಇಲ್ಲಿ ಉಬ್ಬುತ್ತಪ್ಪ, ಅಂದರು ಅಪ್ಪ,
ಒಂದು ಉಗುರಿನಷ್ಟು ಜಾಸ್ತಿ ಬಿಡು.
ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು
ಅವತ್ತು ರಾತ್ರಿ ತುಂಬ ಹೊತ್ತು ಸುಮ್ಮನಿದ್ದ.
ಹದಿನಾರು ವರ್ಷ ಕೈಗೆ ಗೊತ್ತಿದ್ದದ್ದು
ಒಂದು ಮಳೆಗೆ ತಪ್ಪಾಗಿತ್ತು.

ಚೌಕಾಸಿ ಬಾರದು.
ದೇವರಾಜ ಮಾರುಕಟ್ಟೆಯ ಸೊಪ್ಪಿನ ನಿಂಗಾಜಮ್ಮ
ಅವನನ್ನು ಕಂಡರೆ ತಾನೇ ಬೆಲೆ ಇಳಿಸುತ್ತಾಳೆ, ಪಾಪ ಅಂತ.
ಕೂಲಿ ಸೇರಿಸಲು ಮರೆತ ಕುರ್ಚಿಗಳ ರಸೀತಿ
ನನ್ನ ಹತ್ತಿರ ಒಂದು ಡಬ್ಬ ತುಂಬ ಇದೆ.
ಜಗಳವಾಡಿದ್ದೇವೆ, ಎರಡು ಭಾಷೆಯಲ್ಲಿ,
ಆಮೇಲೆ ಪಾತ್ರೆಗಳ ಸದ್ದಿನಲ್ಲಿ.

ಅವನು, ಅವಳು, ಎರಡಕ್ಕೂ
ಅವನ ನುಡಿಯಲ್ಲಿ ಒಂದೇ ಮಾತು.
ಇಲ್ಲಿ ಎಡವಿದ:
ಅತ್ತಿಗೆ ಬಂದ, ಪೋಸ್ಟ್‌ಮ್ಯಾನ್ ಹೋದಳು.
ಅನುಮಾನವಿದ್ದರೆ ಬಹುವಚನ ಹಾಕು,
ಯಾರಿಗೂ ಬೇಜಾರಾಗಲ್ಲ, ಅಂತ ಯಾರೋ ಹೇಳಿಕೊಟ್ಟರು.
ಅಂದಿನಿಂದ ಎಲ್ಲರೂ ಅವರು.
ಪಕ್ಕದ ಮನೆಯ ಬೆಕ್ಕು, ಅವರು.
ಹಲಗೆ, ಅವರು.

ಶನಿವಾರ ಬೆಳಿಗ್ಗೆ ಕೆಸರೆಯ ಶಾಲೆಯಲ್ಲಿ ಕೈಕೆಲಸದ ಪಾಠ.
ಇಪ್ಪತ್ತಾರು ಮಕ್ಕಳು, ಒಂಬತ್ತು ಚಾಕು,
ಒಂದು ಡೆಟಾಲ್ ಬಾಟಲಿ.
ಬೇವಿನ ಕೊಂಬೆಯಲ್ಲಿ ಸೌಟು ಕೆತ್ತಬೇಕು.
ಸಾರು ಕಹಿಯಾಗಲ್ವಾ ಸಾರ್?
ಇವರು ಇನ್ನೂ ಒಣಗಿಲ್ಲ, ಅನ್ನುತ್ತಾನೆ ಕೊಂಬೆ ಎತ್ತಿ ಹಿಡಿದು,
ಒಣಗಿದ ಮೇಲೆ ಕೇಳೋಣ.
ಎರಡು ವಾರ ಕ್ಲಾಸಿಗೆ ಕ್ಲಾಸೇ ನಕ್ಕಿತು.
ಮೂರನೆಯ ವಾರ ತಸ್ಮಿಯಾ ತನ್ನ ಸೌಟು ತಂದು
ಸಾರ್, ಇವರಿಗೆ ಇಲ್ಲಿ ಗಂಟಿದೆ, ಅಂದಳು.
ಯಾರೂ ನಗಲಿಲ್ಲ.

ಅವನಮ್ಮ ಹೋದ ಫೆಬ್ರವರಿಯಲ್ಲಿ
ಪಾಸ್‌ಪೋರ್ಟು ಯಾವುದೋ ಕಚೇರಿಯ ಕಡತದಲ್ಲಿತ್ತು.
ಫೋನಿನಲ್ಲಿ ನೋಡಿದ: ಹಿಮ, ಕಪ್ಪು ಕೋಟುಗಳ ಬೆನ್ನು.
ನೆಲ ಕಲ್ಲಾಗಿತ್ತಂತೆ, ಅಗೆಯಲು ಯಂತ್ರ ತರಿಸಿದರಂತೆ.
ಹೊರಗೆ ತೆಂಗಿನಕಾಯಿ ಕೀಳುವವನು
ಕೆಳಗೆ ಯಾರೂ ನಿಲ್ಲಬೇಡಿ ಅಂತ ಕೂಗುತ್ತಿದ್ದ.
ಅಪ್ಪ ಒಂದು ಮಾತೂ ಆಡಲಿಲ್ಲ.
ಅಳಿಯನ ಉಳಿಗಳನ್ನೆಲ್ಲ ಸಾಣೆ ಹಿಡಿದು
ಬಟ್ಟೆಯ ಮೇಲೆ ಸಾಲಾಗಿ ಇಟ್ಟುಹೋದರು.

ಈ ವಾರ ಮತ್ತೆ ಅರ್ಜಿ.
ಅದರಲ್ಲೂ ಖಾನೆಗಳೇ.
ಬಂದ ಉದ್ದೇಶ. ಇರುವ ಅವಧಿ.
ವೃತ್ತಿ ಒಂದೇ ಬರೀಬೇಕು, ಅಂದರು ಗುಮಾಸ್ತರು,
ಬಡಗಿಯೋ, ಮೇಷ್ಟ್ರೋ?
ಅವನು ನನ್ನ ಕಡೆ ನೋಡಿದ. ನಾನು ಗಡಿಯಾರ ನೋಡಿದೆ,
ಊಟದ ಹೊತ್ತಾಗಿತ್ತು, ಶಟರ್ ಎಳೆದರು.

ಖಾಲಿ ಬಿಟ್ಟು ಮನೆಗೆ ತಂದಿದ್ದೇವೆ.
ಹೊಸ ಮೇಜಿನ ಖಾನೆಯಲ್ಲಿದೆ,
ರಸೀತಿ ಡಬ್ಬದ ಪಕ್ಕ.
ಈ ಏಪ್ರಿಲ್ಲಿನ ಬಿಸಿಲಿಗೆ ಎಳೆದಾಗಲೆಲ್ಲ
ಲೊಡಲೊಡ ಅನ್ನುತ್ತದೆ ಖಾನೆ.
ಸಡಿಲವಾಯಿತಲ್ಲ, ಅಂದೆ.
ಉಗುರು ತೋರಿಸಿದ.
ಮಳೆ ಬರಲಿ, ಅಂದ,
ಅವರು ಕೂತುಕೊಳ್ಳುತ್ತಾರೆ.