ಅರ್ಧ ಅಂಕ

ಮುಂಬಯಿ, ಫೋರ್ಟಿನ ರಾತ್ರಿಶಾಲೆ. ಎಂಟನೆಯ ಇಯತ್ತೆ.
ಹಗಲೆಲ್ಲ ಬ್ಯಾಂಕಿನ ಲೆಡ್ಜರು ತಿರುವಿದ ಕೈಯಲ್ಲೇ
ಹಲಗೆಯ ನಟ್ಟನಡುವೆ ಗೆರೆ ಎಳೆದೆ:
ಈಚೆಗೆ ಸಜೀವ, ಆಚೆಗೆ ನಿರ್ಜೀವ.
ಚಲಿಸಬೇಕು, ಉಣ್ಣಬೇಕು, ಉಸಿರಾಡಬೇಕು,
ಬೆಳೆಯಬೇಕು, ಮುಟ್ಟಿದರೆ ತಿಳಿಯಬೇಕು,
ತನ್ನಂಥದೇ ಇನ್ನೊಂದನ್ನು ಹೆರಬೇಕು.
ಬರೆದುಕೊಳ್ಳಿ.

ಬರೆದುಕೊಂಡರು, ಈರುಳ್ಳಿ ನಾತದ ಬೆರಳುಗಳಲ್ಲಿ,
ಕಪ್ಪು ಬಸಿ ತೊಳೆದು ಬೆಳ್ಳಗೆ ನೆನೆದ ಬೆರಳುಗಳಲ್ಲಿ.
ಕೊನೆಯ ಬೆಂಚಿನ ಐತಪ್ಪನಿಗೆ ಮಾತ್ರ
ಮುಟ್ಟಿದರೂ ತಿಳಿಯದ ನಿದ್ದೆ.
ಇವನು ಯಾವ ಬದಿಗೆ, ಅಂದೆ. ನಕ್ಕರು.

ನಗದವನು ದೂಮಣ್ಣ, ಬಜಾರ್‌ಗೇಟಿನ ಹೋಟೆಲಿನಲ್ಲಿ ರುಬ್ಬುವವನು.
"ದೋಸೆಹಿಟ್ಟು ಯಾವ ಬದಿಗೆ ಸಾರ್?"
ನಿರ್ಜೀವ.
"ರಾತ್ರಿ ಹನ್ನೊಂದಕ್ಕೆ ಪಾತ್ರೆಯ ಅರ್ಧಕ್ಕಿರುತ್ತದೆ,
ನಾಲ್ಕಕ್ಕೆ ಮುಚ್ಚಳ ಎತ್ತಿ ಹೊರಗೆ ಬಂದಿರುತ್ತದೆ.
ಜನವರಿಯಲ್ಲಿ ಏಳುವುದಿಲ್ಲ, ಗೋಣಿ ಹೊದಿಸಬೇಕು.
ನಾನು ಅದರ ಪಕ್ಕದಲ್ಲೇ ಮಲಗುವುದು,
ನನಗೂ ಗೋಣಿಯೇ.
ಕಿವಿಯಿಟ್ಟರೆ ಚಿಟಿಚಿಟಿ ಅನ್ನುತ್ತದೆ.
ನಿನ್ನೆಯದು ಒಂದು ಸೌಟು ಉಳಿಸಿ ಬೆರೆಸಿದರೆ
ಇವತ್ತಿನದೂ ಅದರ ಹಾಗೇ.
ನೀವು ಹೇಳಿದ ಆರೂ ಉಂಟಲ್ಲ ಸಾರ್."

ಹಿಟ್ಟಲ್ಲವೋ, ಅದರೊಳಗಿನ ಕ್ರಿಮಿಗಳು, ಅಂದೆ.
ಜೀವ ಅವಕ್ಕೆ, ಹಿಟ್ಟಿಗಲ್ಲ.
"ನಮ್ಮೊಳಗೂ ಹಾಗೇ ಏನಾದರೂ ಕೂತಿದ್ದರೆ?
ಏಳುವುದು ಅವು, ನಾವು ಪಾತ್ರೆ ಅಷ್ಟೇ?"

ಗಂಟೆಗೆ ಇನ್ನೂ ಹದಿನೈದು ನಿಮಿಷ.
ಯಾರೋ ಒಲೆಯ ಬೆಂಕಿ ತಂದರು: ತಿನ್ನುತ್ತದೆ, ಬೆಳೆಯುತ್ತದೆ,
ಬಿಟ್ಟರೆ ಪಕ್ಕದ ಚಾಳಿನಲ್ಲೂ ಮರಿ ಹಾಕೀತು.
ಯಾರೋ ಡಬ್ಬಿಯ ತಳದ ಹೆಸರುಕಾಳು,
ಉಸಿರಾಡುವುದನ್ನು ಯಾರು ಕಂಡರು ಅಂತ.
"ಹೇಸರಗತ್ತೆ ಹೆರುವುದಿಲ್ಲವಂತೆ, ಅದು ಆಚೆಗೋ?"
ನಲವತ್ತೆರಡಾದರೂ ಗಿರ್ಗಾಂವಿನ ಖೋಲಿಯಲ್ಲಿ ಒಬ್ಬನೇ ಇರುವ ನಾನು
ಕೊನೆಯ ಸಾಲನ್ನು ಅಂಗೈಯಿಂದ ಒರೆಸಿದೆ.

ವಾರ್ಷಿಕ ಪರೀಕ್ಷೆಯ ಕಟ್ಟು ಬಿಚ್ಚಿದಾಗ
ದೂಮಣ್ಣನದು ಎಲ್ಲ ಸರಿ.
ಈಚೆಗೆ ಹಸು, ಆಲದ ಮರ. ಆಚೆಗೆ ಕಲ್ಲು, ಕುರ್ಚಿ.
ಗೆರೆಯ ಮೇಲೆ,
ಒತ್ತಕ್ಷರ ಎರಡು ಬದಿಗೂ ಚಾಚುವಂತೆ: ಹಿಟ್ಟು.
ಕೆಂಪು ಪೆನ್ನು ಬಹಳ ಹೊತ್ತು ತೆರೆದೇ ಇತ್ತು.
ಅರ್ಧ ಅಂಕ ಕೊಟ್ಟೆ.

ಮರುದಿನ ನಸುಕಿಗೇ, ಯಾಕೋ, ಆ ಹೋಟೆಲಿನತ್ತ ಹೋದೆ.
ಶಟರು ಮೊಣಕಾಲಿನಷ್ಟು ಮಾತ್ರ ಎದ್ದಿತ್ತು.
ಒಳಗೆ ಭಟ್ಟರ ಕೂಗು: "ಎದ್ದಾಯ್ತಾ?"
ಹಿಟ್ಟಿಗೋ, ಹುಡುಗನಿಗೋ.
"ಆಯ್ತು."