ಕುದುರೆ ಇದ್ದ ಜಾಗ

ಸುಂಕಮ್ಮನ ಕಾರು ಬಂದಾಗ ಏಳೂವರೆ.
ಕೌಲ್ ಬಜಾರಿನ ಬಿಸಿಲು ಆಗಲೇ
ಶೆಡ್ಡಿನ ತಗಡಿನ ಮ್ಯಾಲ ಕೈ ಇಡಾಕ ಬಿಡವಲ್ದು.
ಮುಂಡ್ರಿಗಿ ದಾರ್ಯಾಗ ಆಕಿದು ಜೀನ್ಸ್ ಹೊಲಿಯೋ ಯೂನಿಟ್ಟು,
ಹದಿನಾಲ್ಕು ಮಿಷನ್ನು, ಒಂದು ಸೆಕೆಂಡ್ ಹ್ಯಾಂಡ್ ಕಾರು,
ಬಾನೆಟ್ಟಿನ ತುದಿಗೆ ಎರಡು ತೂತು.

'ಇಲ್ಲಿ ಏನೋ ಇತ್ತು ನೋಡಪ,' ಅಂದ್ಲು.
'ಕುದುರೆ,' ಅಂದೆ.
ನಿನಗ ಹೆಂಗ ಗೊತ್ತು ಅಂತ ಆಕಿ ಕೇಳಲಿಲ್ಲ.

ಹದಿನಾರು ವರ್ಷ ಬಿಸಿಲುಂಡ ನೀಲಿ
ಒಗೆದೊಗೆದು ಬಿಟ್ಟ ಲುಂಗಿ ಆಗಿತ್ತು.
ಕುದುರೆ ಕಾಲೂರಿದ ಜಾಗ ಮಾತ್ರ, ವೀಳ್ಯದೆಲೆಯಷ್ಟು,
ನಿನ್ನೆ ಶೋರೂಮಿನಿಂದ ಇಳಿದಂಗ ಕಡುನೀಲಿ.
ಎಲಿ ಸುತ್ತ ಸ್ಕ್ರೂಡ್ರೈವರ್ ಮೀಟಿದ ಗೀರು, ಒಂದು ತಗ್ಗು,
ತೂತಿನ ಬಾಯಿಗೆ ತುಕ್ಕು.
'ಧಣಿ ಕಾರು ಮಾರಿದ, ಕುದುರೆ ಮಾರಲಿಲ್ಲಂತ.
ರಾತ್ರಿ ತಾನೇ ಕುಂತು ಕಿತ್ಗಂಡನಂತ,'
ಬ್ರೋಕರ್ ಹೇಳಿದ್ದು ಆಕಿ ನನಗ ಹೇಳಿದ್ಲು.

ಮೊದಲು ತುಕ್ಕು ತಿಕ್ಕಬೇಕು, ಬೆಳ್ಳಗ ಲೋಹ ಕಾಣೋ ತನಕ.
ಆಮ್ಯಾಲ ತಳದಿಂದ ಡಾಲಿ ಕೊಟ್ಟು ಮ್ಯಾಲಿಂದ ಸುತ್ತಿಗೆ,
ಬಡಿಯೋದಲ್ಲ, ಕೂಸಿನ ಬೆನ್ನು ತಟ್ಟಿದಂಗ.
ತೂತಿಗೆ ತಗಡಿನ ಚೂರು, ವೆಲ್ಡಿಂಗಿನ ನಾಲ್ಕು ಚುಕ್ಕಿ,
ನಡುನಡುವೆ ಒದ್ದಿ ಅರಿವೆ, ಇಲ್ಲಾಂದ್ರ ಬಾನೆಟ್ಟು ಸೊಟ್ಟ.
ಪಟ್ಟಿ ತೆಳ್ಳಗ. ದಪ್ಪ ಪಟ್ಟಿ ಸುಳ್ಳಿನಂಗ,
ಒಂದು ಬ್ಯಾಸಿಗಿ ತಡಿಯಂಗಿಲ್ಲ.
ವಾಟರ್ ಪೇಪರ್ ನಾನೂರು, ಎಂಟುನೂರು, ಎರಡು ಸಾವಿರ.
ಕಣ್ಣು ನಂಬಬ್ಯಾಡ, ಅಂತಿದ್ದ ಉಸ್ತಾದ್ ಜಿಲಾನಿ,
ಕಣ್ಣು ಮುಚ್ಚಿ ಅಂಗೈ ಆಡಿಸು.

ಕಷ್ಟ ಬಂದಿದ್ದು ಬಣ್ಣಕ್ಕ.
ಕಂಪನಿ ಕೋಡಿನ ಡಬ್ಬಿ ತೆಗೆದರ ಆ ಎಲಿಯ ನೀಲಿ.
ಸರಿಯಾದ ಬಣ್ಣ ಅದೇ, ಆದ್ರ ಕಾರಿನ ತುಂಬ ಅದು ಎಲ್ಲೂ ಇಲ್ಲ.
ಸುಂಕಮ್ಮ ಸ್ಟೂಲಿನ ಮ್ಯಾಲ ಕುಂತು ನಕ್ಕಳು:
'ನೀಲಿ ವಿಷಯ ನನಗ ಹೇಳಬ್ಯಾಡ.
ಹೊಸ ಪ್ಯಾಂಟಿನ ಮೊಣಕಾಲು ತೇದು ತೇದು
ಹಳೇದು ಮಾಡಿ ಕಳಸ್ತೀವಿ, ರೊಕ್ಕ ಜಾಸ್ತಿ ಕೊಡ್ತಾರ.
ನೀನೂ ಹಂಗ ಹಳೇದು ಮಾಡು.'

ಬಿಳಿ ಎರಡು ಹನಿ. ಕರಿ ಒಂದು, ಅರ್ಧ ಸಾಕು.
ಬಿಸಿಲಿಗೆ ಹಿಡಿದೆ, ಅಲ್ಲ. ಟ್ಯೂಬ್‌ಲೈಟಿಗೆ ಹಿಡಿದೆ, ಹೌದು;
ಟ್ಯೂಬ್‌ಲೈಟಿನ ಮಾತು ಯಾರು ಕೇಳ್ತಾರ.
ಕಡೀಗೆ ರೆಡ್ ಆಕ್ಸೈಡು ಕಡ್ಡಿ ತುದಿಯಷ್ಟು:
ಅದಿರಿನ ಲಾರಿ ಹಿಂದ ಓಡಿದ ಕಾರಿಗೆ
ಆ ಕೆಂಪು ಇಲ್ಲದ ನೀಲಿ ಕೂಡಂಗಿಲ್ಲ.
ಮರುದಿನ ನಸುಕಿನ್ಯಾಗ, ಗಾಳಿ ಏಳೋಕ ಮುಂಚೆ, ಮೂರು ಕೋಟು.

ತೂತು ಮುಚ್ಚೋವಾಗ ನೋಡಿದ್ದೆ,
ಎಡಗಡೀದು ಒಂದು ನೂಲು ಮುಂದ ಐತಿ.
ಅದು ಧಣಿಯ ಕೈಯಲ್ಲ, ಬ್ರೋಕರಿನ ಕೈಯಲ್ಲ.
ಹತ್ತೊಂಬತ್ತು ವರ್ಷದ ಹೊನ್ನೂರ್ ವಲಿಯ ಕೈ.
ಹೊಸಾ ಕಾರು, ಟೇಪು ಸುದ್ದಾ ಹಚ್ಚಿರಲಿಲ್ಲ,
ಧಣಿ ತಲಿ ಮ್ಯಾಲ ನಿಂತು 'ಹೂಂ, ಕೊರಿ' ಅಂದಾಗ
ಡ್ರಿಲ್ಲು ಜಾರಿತ್ತು. ಕುದುರೆ ತುಸು ಎಡಕ್ಕ ನೋಡಿಕೋತ
ಸಂಡೂರಿಗೆ ಹೋಯ್ತು. ಯಾರಿಗೂ ಗೊತ್ತಾಗಲಿಲ್ಲ.
ಐನೂರು ರೂಪಾಯಿ ಬಕ್ಷೀಸು. ಅವ್ವಗ ಬ್ಯಾಟರಿ ತಂದಿದ್ದೆ.

ಸುಂಕಮ್ಮ ಕಣ್ಣು ಮುಚ್ಚಿ ಅಂಗೈ ಆಡಿಸಿದ್ಲು, ನಾ ಹೇಳದೆ.
ಎರಡು ಸಲ ಆ ಜಾಗ ದಾಟಿ ಹೋಯ್ತು ಕೈ.
'ಮೂರು ವರ್ಷಕ್ಕ ಒಂದೀಟು ಕಾಣಬೌದು,' ಅಂದೆ,
'ಹೊಸ ಬಣ್ಣ ಬ್ಯಾರೆ ನಡಿಗಿ ನಡಿತೈತಿ.'
'ಕಾಣಲಿ ಬಿಡು,' ಅಂದ್ಲು. ಬಿಲ್ ನೋಡಿದ್ಲು.

'ಪೇಂಟಿಂಗ್ ಬರದೀಯ. ತೂತು ಮುಚ್ಚಿದ್ದು?'
'ಅದು ಹಳೇ ಬಾಕಿ.'
'ಯಾರದು?'
ಕಂಪ್ರೆಸರ್ ಹಚ್ಚಿಬಿಟ್ಟೆ.

ಆಕಿ ಅಷ್ಟೊತ್ತು ನಿಂತಿದ್ದು,
ಇದ್ದ ಬಿಲ್ಲಿನ್ಯಾಗ ಇನ್ನೂ ಇನ್ನೂರು ಕಡಿಮಿ ಮಾಡಿಸಿಕೊಂಡು
ಹೋದ್ಲು.